ಅಟ್ಟದ ಟ್ರಂಕಿನ ಸ್ಲೈಡು, ನೆಗೆಟಿವ್‌ಗಳನ್ನು ಕ್ಯಾಮೆರಾದಲ್ಲೇ ಡಿಜಿಟಲ್ ಮಾಡಬಹುದಾ?

ಕಿತ್ತಳೆತೋಟ, ಅಮ್ಮತ್ತಿ

ದೊಡ್ಡಪ್ಪ ಮಿಲಿಟರಿಯಲ್ಲಿದ್ದವರು. ಪೋಸ್ಟಿಂಗ್ ಎಲ್ಲಿಗೇ ಆಗಲಿ, ಕ್ಯಾಮೆರಾ ಜೊತೆಗೇ ಹೋಗುತ್ತಿತ್ತು. ರಜೆಗೆ ಕೊಡಗಿಗೆ ಬಂದಾಗ ಐನ್‌ಮನೆಯ (ಕುಟುಂಬದ ಮೂಲ ಮನೆ) ಪುತ್ತರಿ ಸುಗ್ಗಿ ಹಬ್ಬ, ಮದುವೆ, ಬೇಟೆ ನಾಯಿ, ಜೀಪು ಯಾವುದನ್ನೂ ಬಿಟ್ಟಿಲ್ಲ. ಅವರ ಟ್ರಂಕು ಈಗ ನಮ್ಮ ಅಟ್ಟದಲ್ಲಿದೆ.

ಒಳಗೆ ಮೂರು ಥರದ ಸರಕು. ರಟ್ಟಿನ ಚೌಕಟ್ಟಿನ ಸ್ಲೈಡುಗಳು, ಹೆಚ್ಚಿನವು ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಕಲರ್ ಸ್ಲೈಡ್ ಫಿಲ್ಮ್). ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದ ಚೌಕದ ಕಪ್ಪು-ಬಿಳುಪು ನೆಗೆಟಿವ್‌ಗಳು (ಊಟಿಯ ಇಂದು ಫಿಲ್ಮಿನ ಖಾಲಿ ಡಬ್ಬಿಗಳೂ ಸಿಕ್ಕವು). ಆಮೇಲೆ ಸ್ಟುಡಿಯೋ ಕವರಿನಲ್ಲಿರುವ ಕಲರ್ ನೆಗೆಟಿವ್‌ಗಳು. ತೊಳೆಸದೇ (ಲ್ಯಾಬಿನಲ್ಲಿ ಡೆವಲಪ್ ಮಾಡಿಸದೇ) ಉಳಿದ ಒಂದು ಕೊಡಾಕ್ರೋಮ್ ರೋಲ್ ಕೂಡ ಇದೆ.

ಸುಮಾರು ಫಿಲ್ಮಿಗೆ ಬೂಷ್ಟು ಹಿಡಿದಿದೆ. ಜೇಡರ ಬಲೆ ಥರ ಬಿಳಿ ಗೆರೆಗಳು. ಸ್ಯಾಂಪಲ್‌ಗೆ ಅಂತ ಒಂದು ಕಡೆ ಕೆಲವು ಸ್ಕ್ಯಾನ್ ಮಾಡಲು ಕೊಟ್ಟು ನೋಡಿದೆ. ವಾಟ್ಸಾಪ್ ಸೈಜಿನ ಜೆಪೆಗ್ ಬಂತು, ಅಂಚೆಲ್ಲ ಕತ್ತರಿಸಿ ಹೋಗಿತ್ತು. ಉಳಿದದ್ದನ್ನು ಅಲ್ಲಿ ಕೊಡಲು ಮನಸ್ಸಿಲ್ಲ.

ನನ್ನ ಹತ್ತಿರ ನಿಕಾನ್ ಡಿ5600 ಇದೆ, ಅದರ ಜೊತೆ ಬಂದ 18-55 ಲೆನ್ಸ್ ಇದೆ. ಇದರಲ್ಲೇ ಆಗುತ್ತಾ? ಬೂಷ್ಟನ್ನು ತೊಳೆದು ತೆಗೆಯಬಹುದಾ? ತುಂಬಾ ಖರ್ಚು ಮಾಡುವ ಆಲೋಚನೆ ಇಲ್ಲ.

ಪಾಲಿಬೆಟ್ಟದ ಬಿಸಿಲು

ಸುಮ್ನೆ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್ ತಗೊಳ್ಳಿ. ಫಿಲ್ಮ್ ಸ್ಕ್ಯಾನ್ ಮಾಡುವ ಕೆಲವುಗಳಲ್ಲಿ ಇನ್ಫ್ರಾರೆಡ್ ಇರುತ್ತೆ, ಧೂಳು, ಗೀರು ತಾನೇ ಅಳಿಸುತ್ತೆ. ಕ್ಯಾಮೆರಾ, ಸ್ಟ್ಯಾಂಡು, ಲೈಟು ಅಂತ ಯಾಕೆ ಒದ್ದಾಟ?

ನಾಪೋಕ್ಲು ನೆರಳು

ಮೊದಲು ಇನ್ಫ್ರಾರೆಡ್ ವಿಷಯ. ಕಲರ್ ನೆಗೆಟಿವ್‌ಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯಲ್ಲಿ. ಇನ್ಫ್ರಾರೆಡ್ ಬೆಳಕನ್ನು ಬೆಳ್ಳಿ ತಡೆಯುತ್ತದೆ, ಹಾಗಾಗಿ ಯಂತ್ರಕ್ಕೆ ಚಿತ್ರ ಯಾವುದು, ಧೂಳು ಯಾವುದು ಗೊತ್ತಾಗುವುದಿಲ್ಲ. ಕೊಡಾಕ್ರೋಮಿನಲ್ಲೂ ಅದನ್ನು ನಂಬುವ ಹಾಗಿಲ್ಲ. ಅಂದರೆ ಈ ಟ್ರಂಕಿನ ಮುಕ್ಕಾಲು ಪಾಲಿಗೆ ಅದರಿಂದ ಉಪಯೋಗ ಕಡಿಮೆ. ಕ್ಯಾಮೆರಾ ಇದ್ದವರು ಕ್ಯಾಮೆರಾದಲ್ಲೇ ಮಾಡುವುದು ಲೇಸು. ಬೇಗನೂ ಆಗುತ್ತದೆ.

ಕಿತ್ತಳೆತೋಟ ಅವರೇ, ಕ್ಯಾಮೆರಾ ವಿಷಯಕ್ಕೆ ಆಮೇಲೆ ಬರೋಣ. ಟ್ರಂಕನ್ನು ಇವತ್ತೇ ಅಟ್ಟದಿಂದ ಇಳಿಸಿ. ನಮ್ಮ ಊರಿನಲ್ಲಿ ಫಿಲ್ಮಿನ ಶತ್ರು ತೇವ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಫಿಲ್ಮನ್ನು ಬಿಡುತ್ತದಾ? ಫಿಲ್ಮಿನ ಮೇಲಿರುವುದು ಜಿಲೆಟಿನ್. ಪ್ರಾಣಿಯ ಮೂಳೆ, ಚರ್ಮದಿಂದ ಮಾಡಿದ್ದು. ಬೂಷ್ಟಿಗೆ ಅದು ಊಟ. ಗಾಳಿಯ ತೇವ 60 ಶೇಕಡಾ ದಾಟಿ ಹಾಗೇ ನಿಂತರೆ ಅದು ಬೆಳೆಯುತ್ತಲೇ ಇರುತ್ತದೆ.

ನೀರಿನಲ್ಲಿ ಮಾತ್ರ ತೊಳೆಯಬೇಡಿ. ಒದ್ದೆ ಬಟ್ಟೆಯೂ ಬೇಡ. ಬೂಷ್ಟು ತಿಂದ ಜಿಲೆಟಿನ್ ನೀರಿನಲ್ಲಿ ಕರಗುವಂತೆ ಆಗಿರುತ್ತದೆ. ತೊಳೆದರೆ ಬೂಷ್ಟಿನ ಜೊತೆ ದೊಡ್ಡಪ್ಪನವರ ಮುಖವೂ ಹೋಗುತ್ತದೆ. ಮೊದಲು ಒಣಗಿಸಿ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್. ಮುಳ್ಳು 40ರ ಆಸುಪಾಸಿಗೆ ಬಂದು ನಿಂತ ಮೇಲೆ ಡಬ್ಬಿ ತೆರೆದರೆ ಸಾಕು. ಒಲೆಯ ಮೇಲಿನ ಅಟ್ಟದಲ್ಲಿ ಇಡಿ ಅಂತ ಹಿರಿಯರು ಹೇಳುತ್ತಾರೆ. ಮೆಣಸಿಗೆ ಅದು ಸರಿ, ಫಿಲ್ಮಿಗೆ ಹೊಗೆ ಆಗುವುದಿಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಡುವವರೂ ಇದ್ದಾರೆ. ಅದರ ಹುಡಿ ಹತ್ತಿದರೆ ತೆಗೆಯುವುದು ಇನ್ನೊಂದು ಕೆಲಸ.

ಒಣಗಿದ ಬೂಷ್ಟಿಗೆ ಮೆತ್ತಗಿನ ಬ್ರಷ್ಷು, ಗಾಳಿ ಊದುವ ರಬ್ಬರ್ ಬಲ್ಬು. ಬಾಯಿಂದ ಊದಬೇಡಿ. ಅದರಲ್ಲೂ ಹೋಗದ್ದಕ್ಕೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಯ ತುದಿಗೆ ಒಂದು ತೊಟ್ಟು. ಬೇಡದ ಒಂದು ಫ್ರೇಮಿನ ಮೂಲೆಯಲ್ಲಿ ಮೊದಲು ನೋಡಿ. ಮೆಡಿಕಲ್ ಶಾಪಿನ 70 ಶೇಕಡಾದ್ದು ಬೇಡ, ಅದರಲ್ಲಿ ನೀರಿರುತ್ತದೆ. ಬೂಷ್ಟು ಕೊರೆದು ಹೋದ ಗೆರೆ ಏನು ಮಾಡಿದರೂ ಮರಳಿ ಬರುವುದಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ತುಂಬಿಸಿಕೊಳ್ಳಬೇಕು, ಅಷ್ಟೆ. ಇನ್ನೊಂದು ಮಾತು, ಏನನ್ನೂ ಒರೆಸುವ ಮೊದಲು ಇದ್ದ ಹಾಗೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಲೆನ್ಸು. 18-55 ಅಷ್ಟು ಹತ್ತಿರ ಹೋಗುವುದಿಲ್ಲ. ಹಳೆಯ 55 ಮಿ.ಮೀ. ಮೈಕ್ರೋ-ನಿಕ್ಕಾರ್, ಕೈಯಲ್ಲಿ ಫೋಕಸ್ ಮಾಡುವಂಥದ್ದು, ಸೆಕೆಂಡ್ ಹ್ಯಾಂಡ್ ನೋಡಿ. ಡಿ5600ಕ್ಕೆ ಕೂರುತ್ತದೆ. ಕ್ಯಾಮೆರಾ ಅದಕ್ಕೆ ಬೆಳಕು ಅಳೆದು ಕೊಡುವುದಿಲ್ಲ, ಮ್ಯಾನುಯಲ್ ಮೋಡಿನಲ್ಲಿ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ನೋಡಿಕೊಂಡರೆ ಸಾಕು. ಈ ಲೆನ್ಸು ಒಂಟಿಯಾಗಿ, ಸೆನ್ಸರ್ ಮೇಲೆ ಫಿಲ್ಮಿನ ಅರ್ಧ ಗಾತ್ರದ ಚಿತ್ರ ಬೀಳುವಷ್ಟು ಹತ್ತಿರ ಹೋಗುತ್ತದೆ. ನಿಮ್ಮ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು. 36x24 ಮಿ.ಮೀ. ಸ್ಲೈಡು ಚೌಕಟ್ಟು ತುಂಬಬೇಕಾದರೆ 0.65 ಪಟ್ಟು ಬೇಕು. ಕ್ಯಾಮೆರಾ ಮತ್ತು ಲೆನ್ಸಿನ ನಡುವೆ 27.5 ಮಿ.ಮೀ. ಎಕ್ಸ್‌ಟೆನ್ಶನ್ ರಿಂಗ್ ಹಾಕಿದರೆ ಅದು ಸಿಗುತ್ತದೆ. ರಿಂಗ್ ಸಿಗುವ ತನಕ ಕೈಕಟ್ಟಿ ಕೂರಬೇಡಿ. ಇಲ್ಲದೆಯೂ ಕ್ಯಾಮೆರಾದ 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 14 ಮೆಗಾಪಿಕ್ಸೆಲ್ ಸ್ಲೈಡಿಗೇ ಸಿಗುತ್ತದೆ. ಕ್ಲಿಕ್ಕಿನ ಚೌಕ ನೆಗೆಟಿವ್‌ಗಳಿಗೆ ರಿಂಗ್ ಬೇಕೇ ಇಲ್ಲ, ಅವು ದೊಡ್ಡವು.

ಜನ ಲೆನ್ಸಿನ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ, ಕೆಟ್ಟ ಲೈಟು ತಂದಿಡುತ್ತಾರೆ. ಮಕ್ಕಳು ಚಿತ್ರ ಬಿಡಿಸುವ ಅಗ್ಗದ ಎಲ್‌ಇಡಿ ಹಲಗೆಯಲ್ಲಿ ಕೆಂಪು ಬಣ್ಣ ಸರಿಯಾಗಿ ಬರುವುದಿಲ್ಲ. ಕೊಡಾಕ್ರೋಮಿನ ಕೆಂಪು ಹೋದರೆ ಉಳಿಯುವುದೇನು? ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ, 100ಕ್ಕೆ) 95 ಅಥವಾ ಅದಕ್ಕಿಂತ ಜಾಸ್ತಿ ಇರುವ ವಿಡಿಯೋ ಲೈಟ್ ತಗೊಳ್ಳಿ. ಬ್ಯಾಟರಿಯದ್ದಾದರೆ ಒಳ್ಳೆಯದು, ನಮ್ಮ ಕರೆಂಟಿನ ಕಥೆ ಗೊತ್ತಲ್ಲ. ಮೇಲೆ ಹಾಲುಬಿಳಿ ಅಕ್ರಿಲಿಕ್ ಹಾಳೆ. ಫಿಲ್ಮನ್ನು ಹಾಳೆಗೆ ಅಂಟಿಸಿ ಇಡಬೇಡಿ, ಒಂದೆರಡು ಇಂಚು ಮೇಲಿರಲಿ. ಆಗ ಹಾಳೆಯ ಮೇಲಿನ ಧೂಳು ಫೋಕಸಿಗೆ ಬರುವುದಿಲ್ಲ. ಫ್ರೇಮಿನ ಸುತ್ತ ಕಪ್ಪು ರಟ್ಟು ಹಾಕಿ, ಕೋಣೆಯ ದೀಪ ಆರಿಸಿ.

ಕ್ಯಾಮೆರಾ ಮತ್ತು ಫಿಲ್ಮು ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು, ಇಲ್ಲದಿದ್ದರೆ ಒಂದು ಮೂಲೆ ಮಸುಕಾಗುತ್ತದೆ. ಫಿಲ್ಮ್ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೈವ್ ವ್ಯೂನಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಕಂಡರೆ ನೆಟ್ಟಗಿದೆ ಅಂತ ಅರ್ಥ. ಆಮೇಲೆ ಐಎಸ್‌ಒ 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ರಾ ಫೈಲ್ (ಜೆಪೆಗ್ ಆಗಿ ಕುಗ್ಗಿಸದ ಮೂಲ ಫೈಲ್), ಎರಡು ಸೆಕೆಂಡ್ ಟೈಮರ್. ಎಫ್/16ಕ್ಕೆ ಹೋಗಬೇಡಿ, ಇಷ್ಟು ಹತ್ತಿರದಲ್ಲಿ ಚಿತ್ರ ಮೆತ್ತಗಾಗುತ್ತದೆ.

ನೆಗೆಟಿವ್ ಅನ್ನು ಪಾಸಿಟಿವ್ ಚಿತ್ರ ಮಾಡಲು ಡಾರ್ಕ್‌ಟೇಬಲ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನೆಗಡಾಕ್ಟರ್ ಅಂತ ಒಂದು ಭಾಗ ಇದೆ. ಪ್ರತಿ ರೋಲಿನಲ್ಲೂ ಚಿತ್ರ ಇಲ್ಲದ ಖಾಲಿ ತುಂಡನ್ನು ಒಮ್ಮೆ ತೆಗೆಯಿರಿ. ಕಿತ್ತಳೆ ಬಣ್ಣದ ಆ ತಳವನ್ನು ಸಾಫ್ಟ್‌ವೇರಿಗೆ ತೋರಿಸಿದರೆ ಬಣ್ಣ ಅರ್ಧ ದಾರಿಗೆ ಬಂದ ಹಾಗೆ. ಇಡೀ ರೋಲಿಗೆ ಒಂದೇ ಎಕ್ಸ್‌ಪೋಶರ್ ಇರಲಿ. ಕಪ್ಪು-ಬಿಳುಪು ಸುಲಭ, ಕರ್ವ್ ತಲೆಕೆಳಗು ಮಾಡಿದರೆ ಮುಗಿಯಿತು.

ಕೆಲಸ ಕಲರ್ ನೆಗೆಟಿವ್‌ನಿಂದ ಶುರು ಮಾಡಿ. ಕೊಡಾಕ್ರೋಮ್ ಕತ್ತಲಲ್ಲಿದ್ದರೆ ಬಹಳ ಕಾಲ ಬಾಳುತ್ತದೆ, ಕಲರ್ ನೆಗೆಟಿವ್‌ನ ಬಣ್ಣ ಟ್ರಂಕಿನೊಳಗೇ ಮಾಸುತ್ತಾ ಹೋಗುತ್ತದೆ. ತೊಳೆಸದ ರೋಲಿನ ಬಗ್ಗೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಕೊಡಾಕ್ರೋಮ್ ತಯಾರಿ 2009ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಾಸ್‌ನದ್ದು, 2010ರ ಡಿಸೆಂಬರ್ ಕೊನೆಗೆ ರೋಲ್ ತಗೊಳ್ಳುವುದನ್ನು ನಿಲ್ಲಿಸಿತು. ಈಗ ತೊಳೆದರೆ ಕಪ್ಪು-ಬಿಳುಪಾಗಿ ಏನಾದರೂ ಬರಬಹುದು, ಬಣ್ಣ ಇಲ್ಲ.

ಬೇಟೋಳಿ ಮಹಡಿ

ಮೇಲಿನದ್ದು ಎಲ್ಲ ಸರಿ, ಒಂದು ಬಿಟ್ಟು. ನಮ್ಮದು ಹಲಗೆಯ ಮಹಡಿ. ಪಕ್ಕದ ಕೋಣೆಯಲ್ಲಿ ಯಾರಾದರೂ ನಡೆದರೆ ಟ್ರೈಪಾಡ್ ಅಲುಗುತ್ತದೆ. ಎಲ್‌ಇಡಿಯಲ್ಲಿ ಶಟರ್ ಕಾಲು ಸೆಕೆಂಡಿಗೆ ಇಳಿದರೆ ಎಲ್ಲ ಮಸುಕು. ನಾನು ಹಳೆ ಫ್ಲಾಶನ್ನು ಅಕ್ರಿಲಿಕ್ ಹಾಳೆಯ ಕೆಳಗೆ ಇಡುತ್ತೇನೆ. ಬೆಳಕು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಬಂದು ಹೋಗುತ್ತದೆ, ಅಲುಗಾಟ ಸೆರೆಯಾಗುವುದಿಲ್ಲ. ಬಣ್ಣವೂ ಬಿಸಿಲಿನ ಹತ್ತಿರ ಇರುತ್ತದೆ. ಫೋಕಸ್ ಮಾಡಲು ಮಾತ್ರ ಪಕ್ಕದಲ್ಲಿ ಒಂದು ಸಣ್ಣ ಟಾರ್ಚ್ ಬೇಕು.

ನಾಪೋಕ್ಲು ನೆರಳು

ಹಲಗೆ ಮಹಡಿಗೆ ಫ್ಲಾಶೇ ಸರಿ, ಒಪ್ಪಿದೆ. ನೆಲಮಾಳಿಗೆಯ ಸಿಮೆಂಟ್ ನೆಲ ಇದ್ದವರು ಎಲ್‌ಇಡಿಯಲ್ಲೇ ಇರಲಿ, ಕಣ್ಣಿಗೆ ಕಾಣುತ್ತಾ ಕೆಲಸ ಮಾಡುವುದು ಸುಖ.

ಕೆದಮುಳ್ಳೂರು ಕಣ

ಒಂದು ಸಣ್ಣ ವಿಷಯ, ಯಾರೂ ಹೇಳಲಿಲ್ಲ. ಫಿಲ್ಮು ಮಗುಚಿಟ್ಟರೆ ಚಿತ್ರ ಎಡ-ಬಲ ಅದಲುಬದಲಾಗುತ್ತದೆ. ಬೆಟ್ಟದ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಅಂಚಿನ ಅಕ್ಷರ ನೇರವಾಗಿ ಓದುವಂತಿರಬೇಕು. ಅಕ್ಷರ ಅಳಿಸಿದ್ದರೆ ಹೆಂಗಸರಿರುವ ಫೋಟೋ ನೋಡಿ. ನಮ್ಮ ಕೊಡವ ಶೈಲಿಯ ಸೀರೆಯ ಸೆರಗು ಎಡಗಂಕುಳ ಕೆಳಗಿನಿಂದ ಬಂದು ಬಲ ಭುಜದ ಮೇಲೆ ನಿಲ್ಲುತ್ತದೆ. ಇಡೀ ಮದುವೆ ಮನೆಯವರು ಎಡ ಭುಜದ ಮೇಲೆ ಸೆರಗು ಹಾಕಿಕೊಂಡಿದ್ದರೆ ಫಿಲ್ಮು ಉಲ್ಟಾ ಇದೆ ಅಂತಲೇ.

ವರ್ಷ ಗೊತ್ತಾಗದಿದ್ದರೆ ಸ್ಲೈಡಿನ ರಟ್ಟು ತಿರುಗಿಸಿ ನೋಡಿ. ಕೊಡಾಕ್ ಲ್ಯಾಬಿನವರು ಎಷ್ಟೋ ಸಲ ತೊಳೆದ ತಿಂಗಳು, ವರ್ಷ ಒತ್ತಿರುತ್ತಾರೆ. ಆದರೆ ಅದು ತೊಳೆದ ದಿನ, ತೆಗೆದ ದಿನ ಅಲ್ಲ. ರಜೆಯಲ್ಲಿ ತೆಗೆದದ್ದು ಮುಂದಿನ ವರ್ಷ ತೊಳೆಸಿರಲೂಬಹುದು. ಜೀಪಿನ ನಂಬರ್ ಕೆಎ 12 (ಕೊಡಗಿನ ಈಗಿನ ಸರಣಿ) ಇದ್ದರೆ 1989ಕ್ಕಿಂತ ಈಚಿನದು. ಕಾಫಿ ತೋಟ ಬೆಳ್ಳಗೆ ಹೂ ಬಿಟ್ಟಿದ್ದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಕೈಯಲ್ಲಿ ಕದಿರು ಇದ್ದರೆ ಪುತ್ತರಿ, ನವೆಂಬರ್ ಕೊನೆ ಅಥವಾ ಡಿಸೆಂಬರ್. ಹೆಸರು ಮಾತ್ರ ಕಂಪ್ಯೂಟರ್ ಹೇಳುವುದಿಲ್ಲ. ಮನೆಯ ಅಜ್ಜಿಯರನ್ನು ಕೂರಿಸಿ, ಟಿವಿಯಲ್ಲಿ ದೊಡ್ಡದಾಗಿ ತೋರಿಸಿ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಫೋಟೋ ಸರಿ ಮಾಡಿ ಮುಗಿಸಿ ಆಮೇಲೆ ಕೇಳೋಣ ಅಂತ ಕಾಯಬೇಡಿ.

ಕಿತ್ತಳೆತೋಟ, ಅಮ್ಮತ್ತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ರಂಕು ಕೆಳಗೆ ಬಂತು. ಸೆರಗಿನ ವಿಷಯ ಕೇಳಿ ಅಮ್ಮ ನಕ್ಕರು, ಆಮೇಲೆ ಆ ಸ್ಯಾಂಪಲ್ ಜೆಪೆಗ್‌ಗಳನ್ನು ನೋಡಿದರೆ ಎರಡು ನಿಜವಾಗಿಯೂ ಉಲ್ಟಾ!

ಇನ್ನೆರಡು ಪ್ರಶ್ನೆ. ಒಂದು ಡಬ್ಬಿ ತೆರೆದರೆ ಉಪ್ಪಿನಕಾಯಿಗೆ ಹಾಕುವ ವಿನೆಗರ್ ವಾಸನೆ ಬರುತ್ತದೆ. ಚೌಕದ ನೆಗೆಟಿವ್‌ಗಳು ಸುರುಳಿ ಸುತ್ತಿಕೊಂಡಿವೆ, ಗಾಜಿನ ಕೆಳಗೆ ಒತ್ತಿಟ್ಟರೆ ಕಾಮನಬಿಲ್ಲಿನ ಥರ ಉಂಗುರ ಕಾಣುತ್ತದೆ.

ನಾಪೋಕ್ಲು ನೆರಳು

ವಿನೆಗರ್ ವಾಸನೆ ಅಂದರೆ ಫಿಲ್ಮಿನ ತಳವೇ, ಅಂದರೆ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕೇ ಕೊಳೆಯುತ್ತಿದೆ. ಆ ಆವಿ ಪಕ್ಕದ ಫಿಲ್ಮನ್ನೂ ಬೇಗ ಕೆಡಿಸುತ್ತದೆ. ಆ ಡಬ್ಬಿಯನ್ನು ಉಳಿದವುಗಳಿಂದ ದೂರ ಇಡಿ, ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ಆಡಲಿ. ನಾನು ಮೊದಲು ಕಲರ್ ನೆಗೆಟಿವ್ ಅಂದೆ. ಈಗ ಈ ಡಬ್ಬಿಯೇ ಮೊದಲು. ಹೊಸ ಲೆನ್ಸಿಗೆ ಕಾಯಬೇಡಿ. ಫಿಲ್ಮು ಕುಗ್ಗಿ ಸುಕ್ಕಾದ ಮೇಲೆ ಯಾವ ಲೆನ್ಸೂ ಪ್ರಯೋಜನ ಇಲ್ಲ. ಗೆಳೆಯರ ಹತ್ತಿರ ಮ್ಯಾಕ್ರೋ ಲೆನ್ಸ್ ಇದ್ದರೆ ಒಂದು ವಾರಕ್ಕೆ ಕೇಳಿ ತನ್ನಿ.

ಉಂಗುರ ಬರುವುದು ಫಿಲ್ಮಿನ ನುಣುಪು ಬದಿ ಗಾಜಿಗೆ ತಾಗಿದಾಗ. ಮೇಲಿನ ಗಾಜು ತೆಗೆದುಬಿಡಿ. ದಪ್ಪ ಕಪ್ಪು ರಟ್ಟಿನಲ್ಲಿ ಚಿತ್ರಕ್ಕಿಂತ ಒಂಚೂರು ದೊಡ್ಡ ಚೌಕದ ಕಿಂಡಿ ಕೊರೆದು, ಎರಡು ರಟ್ಟಿನ ನಡುವೆ ಫಿಲ್ಮಿನ ಅಂಚು ಮಾತ್ರ ಹಿಡಿಯಿರಿ. ಸುರುಳಿ ಜಾಸ್ತಿ ಇದ್ದರೆ ಬಟರ್ ಪೇಪರ್ ನಡುವೆ ಇಟ್ಟು ದಪ್ಪ ಪುಸ್ತಕದೊಳಗೆ ಕೆಲವು ದಿನ ಬಿಡಿ. ಅದೂ ಒಣಗಿದ ಮೇಲೆ ಮಾತ್ರ, ತೇವ ಇರುವಾಗ ಒತ್ತಿದರೆ ಕಾಗದಕ್ಕೆ ಅಂಟಿಕೊಳ್ಳುತ್ತದೆ. ರಿಂಗ್ ಸಿಗದಿದ್ದರೆ ಇಲ್ಲೇ ಹೇಳಿ, ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ. ಮೂರ್ನಾಡು ಕಡೆ ಬಂದಾಗ ಕೊಡುತ್ತೇನೆ.