ಮಂಚದ ಕೆಳಗಿನ ರೆಡ್

ಸೀನ ಹೊಡೆದ ರೆಡ್ ಪಾಕೆಟ್ ಬಿಟ್ಟು, ಕೇರಂ ಬೋರ್ಡನ್ನೇ ದಾಟಿ ಮಂಚದ ಕೆಳಗೆ ಸೇರಿತು.

"ಪ್ಲೂಟೋ ಆಯ್ತು ನೋಡಿ," ಎಂದ. ನಾಚಿಕೆ ಇಲ್ಲ.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. "ಪ್ಲೂಟೋನ ಯಾರೂ ಹೊಡೀಲಿಲ್ಲ ಕಣೋ. ನೆಪ್ಚೂನ್ ಎಳಕೊಂಡು ಹೋಗಿದ್ದು."

"ಎಲ್ಲಿಗೆ ಹೊರಟಿತ್ತು ಮೇಷ್ಟ್ರೇ ಅದು?"

"ನೆಪ್ಚೂನ್ ಮೊದಲು ಸೂರ್ಯನಿಗೆ ಇನ್ನೂ ಹತ್ತಿರ ಇತ್ತು. ಸುತ್ತ ಹಿಮದ ಗುಂಡುಗಳ ರಾಶಿ. ಸಿಕ್ಕಿದ್ದನ್ನ ಯುರೇನಸ್, ಶನಿ ಕಡೆ ಒಳಕ್ಕೆ ತಳ್ಳಿತು. ಅವು ಗುರುವಿಗೆ ದಾಟಿಸಿದವು. ಗುರು ಬೀಸಿ ಎಸೆದದ್ದು ಸೌರವ್ಯೂಹದ ಆಚೆಗೇ! ಒಂದೊಂದನ್ನ ಒಳಕ್ಕೆ ತಳ್ಳಿದಾಗಲೂ ನೆಪ್ಚೂನ್ ಕೂದಲೆಳೆಯಷ್ಟು ಹೊರಕ್ಕೆ ಜರುಗಿತು."

ಮೇಷ್ಟ್ರು ಪೌಡರ್ ಮೇಲೆ ಬೆರಳಲ್ಲಿ ಗೆರೆ ಎಳೆದರು. ಆಟ ಅಲ್ಲಿಗೆ ಮುಗಿಯಿತು ಅಂತ ನನಗೆ ಗೊತ್ತಾಯಿತು.

"ಜರುಗ್ತಾ ಪ್ಲೂಟೋನ ಒಂದು ತಾಳಕ್ಕೆ ಸಿಕ್ಕಿಸಿಕೊಂಡಿತು. ನೆಪ್ಚೂನ್ ಮೂರು ಸುತ್ತು ಹಾಕೋ ಹೊತ್ತಿಗೆ ಪ್ಲೂಟೋ ಎರಡು. ತಾಳ ಬಿಡದೆ ಎಳೆದೂ ಎಳೆದೂ ಪ್ಲೂಟೋ ದಾರಿ ಮೊಟ್ಟೆ ಥರ ಉದ್ದವಾಯ್ತು. 1993ರಲ್ಲಿ ಇದನ್ನ ಲೆಕ್ಕ ಹಾಕಿ ತೋರಿಸಿದ್ದು ದೆಹಲಿಯಲ್ಲಿ ಹುಟ್ಟಿದ ರೇಣು ಮಲ್ಹೋತ್ರಾ."

"ಡಿಕ್ಕಿ ಹೊಡೆಯಲ್ವಾ?"

"1979ರಿಂದ 1999ರವರೆಗೆ ನೆಪ್ಚೂನ್‌ಗಿಂತ ಪ್ಲೂಟೋನೇ ಸೂರ್ಯನಿಗೆ ಹತ್ತಿರ ಇತ್ತು. ಆದರೂ ಡಿಕ್ಕಿ ಇಲ್ಲ. ಅದು ದಾರಿ ದಾಟೋವಾಗ ನೆಪ್ಚೂನ್ ಬೇರೆಲ್ಲೋ ಇರುತ್ತೆ."

"ನಾನೂ ನಮ್ಮ ಓನರ್ರೂ ಹಾಗೇ," ಎಂದ ಸೀನ. " ಮೆಟ್ಟಿಲು ಒಂದೇ. ಐದನೇ ತಾರೀಕು ದಾಟಿದ ಮೇಲೆ ಎದುರಾಗೋದೇ ಇಲ್ಲ."

ಮೂಲೆಯಲ್ಲಿ ಎರಡು ಕಾಯಿ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ನಮ್ಮ ಆಟದಲ್ಲಿ ಅವನ್ನು ಮುಟ್ಟೋಷ್ಟು ಗುರಿ ಯಾರಿಗೂ ಇರಲಿಲ್ಲ. "ಅದು ಅರೋಕಾತ್, ನೆಪ್ಚೂನ್ ಆಚೆಗಿರೋ ಒಂದು ಪುಟ್ಟ ಹಿಮದ ಗುಂಡು," ಎಂದರು ಮೇಷ್ಟ್ರು. "ಎರಡು ಉಂಡೆ ಮೆತ್ತಗೆ ಅಂಟಿಕೊಂಡಿವೆ. ದಾರಿ ಹೆಚ್ಚುಕಮ್ಮಿ ದುಂಡಗಿದೆ. ನೆಪ್ಚೂನ್ ಇದರ ತಂಟೆಗೆ ಜಾಸ್ತಿ ಹೋಗಿಲ್ಲ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಪಕ್ಕದಲ್ಲೇ ಹಾದುಹೋಯ್ತು."

ನಾನು ಮಂಚದ ಕೆಳಗೆ ಕೈ ಹಾಕಿದೆ. ರೆಡ್ ಸಿಗಲಿಲ್ಲ.

"ಅದು ಸೆಡ್ನಾ, ಇನ್ನೂ ದೂರದ ಒಂದು ಹಿಮದ ಗುಂಡು," ಮೇಷ್ಟ್ರು ಬಿಡಲಿಲ್ಲ. "ಬಣ್ಣವೂ ಕೆಂಪೇ. 2003ರಲ್ಲಿ ಕಣ್ಣಿಗೆ ಬಿತ್ತು. ಒಂದು ಸುತ್ತಿಗೆ ಸುಮಾರು 11,000 ವರ್ಷ. ತೀರ ಹತ್ತಿರ ಬಂದಾಗಲೂ ಸೂರ್ಯನಿಂದ ನಮಗಿರೋ ದೂರದ 76 ಪಟ್ಟು ಆಚೆ. ನೆಪ್ಚೂನ್ ಇರೋದು 30 ಪಟ್ಟಿನಲ್ಲಿ. ಕೈ ಎಟುಕಲ್ಲ."

"ಮತ್ತೆ ಯಾರು ಹೊಡೆದದ್ದು?"

"ಸೂರ್ಯನ ಜೊತೆ ಹುಟ್ಟಿದ ಯಾವುದೋ ನಕ್ಷತ್ರ ಹತ್ತಿರ ಹಾದು ಎಳೆದಿರಬಹುದು ಅಂತಾರೆ. ಕಾಣದ ದೊಡ್ಡ ಗ್ರಹ ಇದೆ ಅಂತ 2016ರಲ್ಲಿ ಇಬ್ಬರು ವಿಜ್ಞಾನಿಗಳು ಹೇಳಿದರು. ಅದಿನ್ನೂ ಸಿಕ್ಕಿಲ್ಲ."

"ಹಾಗಾದ್ರೆ ಫೌಲ್ ನನ್ನದಲ್ಲ," ಎಂದ ಸೀನ. "ನಕ್ಷತ್ರದ್ದು."

"ಪೊರಕೆ ತಾ," ಎಂದರು ಮೇಷ್ಟ್ರು.