ಪದಚರ್ಚೆ: ‘ಸ್ಟೋರಿಬೋರ್ಡ್’, ‘ವಾಯ್ಸ್ ಓವರ್’ – ಶಾಲೆಯ ಮಕ್ಕಳಿಗೆ ಏನೆನ್ನೋಣ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಏಳು, ಎಂಟನೇ ತರಗತಿಯ ಶಿಕ್ಷಕರಿಗಾಗಿ ‘ಡಿಜಿಟಲ್ ಸ್ಟೋರಿಟೆಲಿಂಗ್’ ಕೈಪಿಡಿಯೊಂದು ತಯಾರಾಗುತ್ತಿದೆ. ಮಕ್ಕಳೇ ಫೋಟೊ ಜೋಡಿಸಿ, ದನಿ ಕೊಟ್ಟು ಎರಡು ನಿಮಿಷದ ವಿಡಿಯೊ ಮಾಡುವ ಚಟುವಟಿಕೆ. ಕರಡಿನಲ್ಲಿ ಇದಕ್ಕೆ ‘ಡಿಜಿಟಲ್ ಕಥೆ’, ಸ್ಟೋರಿಬೋರ್ಡಿಗೆ (ವಿಡಿಯೊದ ಚಿತ್ರಗಳನ್ನು ಚೌಕಗಳಲ್ಲಿ ಸಾಲಾಗಿ ಬರೆದ ಯೋಜನೆ) ‘ಚಿತ್ರಕಥೆ’, ವಾಯ್ಸ್ ಓವರಿಗೆ (ಚಿತ್ರದ ಜೊತೆ ಕೇಳಿಸುವ ಮಾತು) ‘ಹಿನ್ನೆಲೆ ದನಿ’ ಎಂದಿದೆ. ಇವು ಸರಿಹೋಗುತ್ತವೆಯೇ?

ಉತ್ತರ 1:
ಮೊದಲು ‘ಚಿತ್ರಕಥೆ’ಯನ್ನು ತೆಗೆಯಿರಿ. ಸಿನಿಮಾದವರಿಗೆ ಅದು ಸ್ಕ್ರೀನ್‌ಪ್ಲೇ, ಮಕ್ಕಳಿಗೆ ಕಾಮಿಕ್ಸ್. ‘ಚಿತ್ರಕಥೆ ಮಾಡಿ’ ಅಂದರೆ ಅರ್ಧ ತರಗತಿ ಸಂಭಾಷಣೆ ಬರೆಯುತ್ತದೆ, ಇನ್ನರ್ಧ ಬಾಯಿಂದ ಗುಳ್ಳೆ ಹೊರಡಿಸಿ ಅದರೊಳಗೆ ಮಾತು ತುಂಬುತ್ತದೆ. ಇಲ್ಲಿ ಬೇಕಿರುವುದು ಯಾವ ಚಿತ್ರ, ಎಷ್ಟು ಸೆಕೆಂಡು, ಆಗ ಯಾವ ಮಾತು ಎಂಬ ಲೆಕ್ಕ. ಸ್ಟೋರಿಬೋರ್ಡ್ ಎಂಬುದನ್ನೇ ಇಟ್ಟುಕೊಂಡು, ಅದರ ಒಂದೊಂದು ಚೌಕಕ್ಕೆ ‘ಮನೆ’ ಅನ್ನಿ. ಚೌಕಾಬಾರ, ಕುಂಟೆಬಿಲ್ಲೆ ಆಡಿದವರಿಗೆ ಆ ಪದವನ್ನು ವಿವರಿಸಬೇಕಿಲ್ಲ.

ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆ, ಎರಡು ಹಾಳೆಗೆ ಹದಿನಾರು. 120 ಸೆಕೆಂಡನ್ನು ಹಂಚಿದರೆ ಮನೆಗೆ ಏಳೂವರೆ ಸೆಕೆಂಡು, ಅಂದರೆ ಹತ್ತು ಹನ್ನೊಂದು ಪದ. ಒಟ್ಟು ಬರಹ 170 ಪದದ ಆಸುಪಾಸು. ಇಂಗ್ಲಿಷ್ ಕೈಪಿಡಿಗಳ 250–300 ಪದದ ಲೆಕ್ಕವನ್ನು ಹಾಗೇ ಇಳಿಸಿದಿರೋ, ಮಕ್ಕಳು ಉಸಿರು ಬಿಡದೆ ಓದುತ್ತಾರೆ. ‘ಹೋಗಬೇಕಾಗಿತ್ತಂತೆ’ ಎಂಬುದು ನಮ್ಮಲ್ಲಿ ಒಂದೇ ಪದ!

‘ಕಥೆ’ಗಿಂತ ‘ಕಥನ’ ವಾಸಿ. ಹೇಳುವ ಕ್ರಿಯೆ ಅದರಲ್ಲಿದೆ, ‘ಕಥನ ಕವನ’ದಿಂದ ಕಿವಿಗೂ ಪರಿಚಿತ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ರೂಢಿಗೆ ತಂದದ್ದು ಇದನ್ನೇ: ಹೇಳುವವರದೇ ಅನುಭವ, ಅವರದೇ ದನಿ, ಹೆಚ್ಚಾಗಿ ಸ್ಥಿರಚಿತ್ರ. ‘ಡಿಜಿಟಲ್ ಕಥೆ’ ಎಂದು ಬರೆದರೆ ಸ್ಮಾರ್ಟ್‌ಬೋರ್ಡಿನಲ್ಲಿ ಪಂಚತಂತ್ರದ ಕಾರ್ಟೂನ್ ಹಾಕಿ ಕೂರಿಸಿದ್ದೂ ಆ ಲೆಕ್ಕಕ್ಕೇ ಬರುತ್ತದೆ.

‘ಹಿನ್ನೆಲೆ ದನಿ’ಯ ತೊಡಕು ಎಡಿಟಿಂಗ್‌ಗೆ ಕೂತಾಗ ಗೊತ್ತಾಗುತ್ತದೆ. ಒಂದು ಟ್ರ್ಯಾಕಿನಲ್ಲಿ ಹಿನ್ನೆಲೆ ದನಿ, ಇನ್ನೊಂದರಲ್ಲಿ ಹಿನ್ನೆಲೆ ಸಂಗೀತ. ‘ಹಿನ್ನೆಲೆಯದನ್ನು ತಗ್ಗಿಸಿ’ ಎಂದರೆ ಮಕ್ಕಳು ಯಾವುದನ್ನು ತಗ್ಗಿಸಬೇಕು? ತಗ್ಗಬೇಕಾದ್ದು ಸಂಗೀತ, ದನಿಗಿಂತ 15–20 ಡೆಸಿಬೆಲ್ ಕೆಳಕ್ಕೆ. ‘ಕಥನದ ದನಿ’ ಎಂದಿಟ್ಟುಕೊಳ್ಳಿ. ರೆಕಾರ್ಡಿಂಗಿಗೆ ಫ್ಯಾನ್ ಆರಿಸಿ, ಮೊಬೈಲನ್ನು ಬಾಯಿಗೆ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿಸಿ. ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿಯುತ್ತದೆ.

ಉತ್ತರ 2:
‘ಮನೆ’ ಚೆನ್ನಾಗಿದೆ. ದನಿಗೆ ‘ಮುಮ್ಮೇಳ’, ಸಂಗೀತಕ್ಕೆ ‘ಹಿಮ್ಮೇಳ’ ಎಂದು ಸೂಚಿಸೋಣ ಎನಿಸಿತ್ತು. ಆದರೆ ಯಕ್ಷಗಾನದಲ್ಲಿ ಕತೆ ನಡೆಸುವ ಭಾಗವತರೇ ಹಿಮ್ಮೇಳದಲ್ಲಿದ್ದಾರೆ! ಕರಾವಳಿಯ ಮಕ್ಕಳು ಮೊದಲ ದಿನವೇ ತಪ್ಪು ಹಿಡಿಯುತ್ತಾರೆ.

ಗಮಕದ ‘ವಾಚನ’ (ಕಾವ್ಯವನ್ನು ರಾಗವಾಗಿ ಓದುವುದು), ‘ವ್ಯಾಖ್ಯಾನ’ (ಓದಿದ್ದರ ಅರ್ಥ ಬಿಡಿಸಿ ಹೇಳುವುದು) ಮಾತ್ರ ಕೈಪಿಡಿಗೆ ಒದಗುತ್ತವೆ. ದನಿಯು ಚಿತ್ರದ ವ್ಯಾಖ್ಯಾನ ಆಗಬಾರದು. ಬತ್ತಿದ ಕೆರೆಯ ಫೋಟೊ ಇಟ್ಟು ‘ಇದು ನಮ್ಮೂರ ಕೆರೆ, ಬತ್ತಿಹೋಗಿದೆ’ ಎಂದರೆ ಏಳೂವರೆ ಸೆಕೆಂಡು ದಂಡ. ಅದೇ ಫೋಟೊದ ಮೇಲೆ ‘ಇಲ್ಲಿ ದಾಟುವಾಗ ಅಜ್ಜಿ ಸೀರೆ ಮೊಣಕಾಲಿನವರೆಗೆ ಎತ್ತಿಕೊಳ್ಳುತ್ತಿದ್ದಳು’ ಎನ್ನಿಸಿ, ಚಿತ್ರ ಮತ್ತು ಮಾತು ಬೇರೆಬೇರೆ ಕೆಲಸ ಮಾಡುತ್ತವೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಕರಡಿನಲ್ಲಿ ಇನ್ನೊಂದು ಪದ ಉಳಿದಿದೆ: ‘ಫಾಂಟ್ ಸಮಸ್ಯೆ’. ಶೀರ್ಷಿಕೆಗಳು ಕೆಡುವುದಕ್ಕೆಲ್ಲ ಅದನ್ನೇ ಬಳಸಿದ್ದೇವೆ.

ಉತ್ತರ 1:
ಅದರಲ್ಲಿ ಎರಡು ಕಾಯಿಲೆಗಳಿವೆ, ಮದ್ದು ಬೇರೆಬೇರೆ. ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ತಂದ ಸಾಲು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಅದು ಸಂಕೇತೀಕರಣದ್ದು (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತಗಳದ್ದು), ಈಗಿನ ಸಾಮಾನ್ಯ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಬೇಕು. ‘ಅಜ್ಜಿ’ ಎಂದು ಟೈಪಿಸಿದ್ದು ‘ಅಜ್‌ಜಿ’ ಆದರೆ ಅದು ಅಕ್ಷರ ಜೋಡಣೆಯದು: ಆ ವಿಡಿಯೊ ಆ್ಯಪ್‌ಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ಎಷ್ಟು ಫಾಂಟ್ ಬದಲಿಸಿದರೂ ಅಷ್ಟೇ. ಸ್ಲೈಡ್ ತಯಾರಿಸುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಶೀರ್ಷಿಕೆ ಬರೆದು, ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನೂ ಒಂದು ಫೋಟೊದಂತೆ ಮೊದಲ ಮನೆಗೆ ಸೇರಿಸಿ.