ಅನುಭವ ಹಂಚಿಕೆ: ವಾಟ್ಸಾಪ್, ಇನ್‌ಸ್ಟಾ ಬಾಜೂಕ್ಕೇ ಇರೋ ಬ್ರೌಸರ್ ಅಂಗಡಿಗೆ ಹೊಂದ್ತದೇನ್ರಿ?

ಪ್ರಶ್ನೆ, ಬೀದರ್: ಬಿದರಿ ಸಾಮಾನಿನ ಅಂಗಡಿ ಅದರಿ. ಗಿರಾಕಿ ವಾಟ್ಸಾಪ್, ಇನ್‌ಸ್ಟಾ, ಫೇಸ್‌ಬುಕ್ ಪೇಜ್ ಮೂರೂ ಕಡಿಂದ ರೇಟ್ ಕೇಳ್ತಾರ. ಎಲ್ಲಾ ಒಂದೇ ಕಡೆ ಕಾಣೋ ಬ್ರೌಸರ್ ಹಾಕೋ ವಿಚಾರ ಅದ. ಕಂಪ್ಯೂಟರ್ ವಿಂಡೋಸ್ 10, ರ‍್ಯಾಮ್ 4 ಜಿಬಿ. ವಾಟ್ಸಾಪ್ ನಂಬರ್ ಎರಡು. ಬಳಸಿದವ್ರು ಹೇಳ್ರಿ.

ಕಲಬುರಗಿ: ಮೊದಲ ಸಲಕ್ಕ ಒಪೇರಾ ಬ್ರೌಸರ್ ಸಸಾರ. ವಾಟ್ಸಾಪ್, ಟೆಲಿಗ್ರಾಂ, ಮೆಸೆಂಜರ್ 2017ರಿಂದಲೇ ಅದರ ಎಡಪಟ್ಟಿಯಾಗ ಅವ, ಇನ್‌ಸ್ಟಾ ಆಮ್ಯಾಲ ಬಂತು. ವಾಟ್ಸಾಪ್ ಚಿಹ್ನಿ ಒತ್ತ್ರಿ, ಕ್ಯೂಆರ್ ಕೋಡ್ ಬರ್ತದ. ಫೋನಿನಾಗ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಸ್ಕ್ಯಾನ್ ಮಾಡ್ರಿ. ಒಂದು ನಂಬರಿಗೆ ಫೋನ್ ಬಿಟ್ಟು ನಾಲ್ಕು ಡಿವೈಸ್ ಜೋಡಸಬಹುದು. ಪಟ್ಟಿ ಮ್ಯಾಲಿನ ಪಿನ್ ಒತ್ತಿದ್ರ ಚಾಟ್ ಒಂದು ಕಡೆ, ಬಿಲ್ಲಿನ ಪುಟ ಒಂದು ಕಡೆ ನಿಂದರ್ತಾವ. ಪಿನ್ ಒತ್ತಲಿಲ್ಲಂದ್ರ ಚಾಟ್ ಬಂದು ಪುಟದ ಮ್ಯಾಲೇ ಕೂಡ್ತದ, ಅದೇ ಕಿರಿಕಿರಿ.

ಒಪೇರಾದೊಳಗಿನ ವಿಪಿಎನ್ (ನಿಮ್ಮ ಜಾಗ ಮರೆಮಾಡೋ ಸೌಲಭ್ಯ) ಮಾತ್ರ ಚಾಲೂ ಮಾಡಬ್ಯಾಡ್ರಿ. ಬ್ಯಾಂಕಿನ ಕೆಲವು ಸೈಟ್ ಹೊರದೇಶದಿಂದ ಬಂದೀರಿ ಅಂದ್ಕೊಂಡು ಬಾಗಲಾ ಹಾಕ್ತಾವ.

ಯಾದಗಿರಿ: ಎರಡು ನಂಬರ್ ಇದ್ದವ್ರಿಗೆ ನಾ ವಿವಾಲ್ಡಿ ಬ್ರೌಸರ್ ಹೇಳ್ತೀನಿ. ಅದರ ಬಾಜೂ ಪಟ್ಟಿಯಾಗಿನ ಕೂಡಿಸೋ ಗುರ್ತು ಒತ್ತಿ ಯಾವ ಸೈಟಿನ ವಿಳಾಸ ಬೇಕಾದ್ರೂ ಹಾಕ್ರಿ, ಅದೇ ಪ್ಯಾನೆಲ್ (ಬಾಜೂಕ್ಕ ತೆರೆಯೋ ಸಣ್ಣ ಕಿಟಕಿ) ಆಗ್ತದ. ವಾಟ್ಸಾಪ್ ಪ್ಯಾನೆಲ್ ಡೆಸ್ಕ್‌ಟಾಪ್ ನಮೂನಿಯಾಗೇ ಇರಬೇಕು. ಮೊಬೈಲ್ ನಮೂನಿ ಇಟ್ರ ಕ್ಯೂಆರ್ ಬದ್ಲು ಕಂಪನಿಯ ಜಾಹೀರಾತು ಪುಟ ಬರ್ತದ. ಇನ್‌ಸ್ಟಾಕ್ಕ ಉಲ್ಟಾ, ಸಣ್ಣ ಪಟ್ಟಿಯಾಗ ಮೊಬೈಲ್ ನಮೂನಿಯೇ ಚಂದ.

ಭಾಳ ಮಂದಿ ಎಡವೋದು ಇಲ್ಲಿ: ಪ್ಯಾನೆಲ್‌ನಾಗ ಒಂದು ನಂಬರ್, ಟ್ಯಾಬ್‌ನಾಗ ಇನ್ನೊಂದು ಅಂತ ಮಾಡ್ಲಿಕ್ಕೆ ಹೋಗ್ತಾರ. ಆಗಂಗಿಲ್ರಿ. ಎರಡಕ್ಕೂ ಕುಕೀ (ಲಾಗಿನ್ ನೆನಪಿಡೋ ಸಣ್ಣ ಫೈಲು) ಒಂದೇ, ಅದಕ್ಕ ಅದೇ ನಂಬರ್ ತೆರೀತದ, ‘ವಾಟ್ಸಾಪ್ ಬೇರೆ ಕಿಟಕಿಯಾಗ ತೆರೆದದ’ ಅಂತ ಮ್ಯಾಲಿಂದ ಮ್ಯಾಲ ಕೇಳ್ತದ. ಎರಡನೇ ನಂಬರಿಗೆ ಬ್ರೌಸರ್‌ನಾಗ ಬ್ಯಾರೆ ಪ್ರೊಫೈಲ್ ಮಾಡ್ರಿ, ಅದಕ್ಕ ಬ್ಯಾರೇ ಕಿಟಕಿ ಬರ್ತದ. ಫೈರ್‌ಫಾಕ್ಸ್ ಇದ್ರ ಮಲ್ಟಿ-ಅಕೌಂಟ್ ಕಂಟೇನರ್ಸ್ ಅನ್ನೋ ಆಡ್-ಆನ್ ಹಾಕ್ರಿ, ಒಂದೇ ಕಿಟಕಿಯಾಗ ಎರಡು ಟ್ಯಾಬ್‌ನಾಗ ಎರಡು ನಂಬರ್ ನಡೀತಾವ.

ಕಲಬುರಗಿ, ಕಂಪ್ಯೂಟರ್ ರಿಪೇರಿ: ಬ್ರೌಸರ್ ಯಾವುದಾದರೇನು, 4 ಜಿಬಿಯಲ್ಲಿ ಮೂರು ಪ್ಯಾನೆಲ್ ಸದಾ ತೆರೆದಿಟ್ಟರೆ ಮಷೀನ್ ತಡವರಿಸುತ್ತದೆ. ಪ್ರತಿ ಪ್ಯಾನೆಲ್ ಪೂರ್ತಿ ಒಂದು ಟ್ಯಾಬ್ ಇದ್ದಂತೆ, ಕೆಲವು ನೂರು ಎಂಬಿ ನುಂಗುತ್ತದೆ. ಯಾವುದು ಎಷ್ಟು ತಿನ್ನುತ್ತಿದೆ ಎಂದು ನೋಡಲು ಬ್ರೌಸರ್ ಒಳಗೇ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡರಲ್ಲಿ ಒಂದೇ ಸ್ಲಾಟ್ ತುಂಬಿದೆ ಎಂದಿದ್ದರೆ ಇನ್ನೊಂದು 4 ಜಿಬಿ ರ‍್ಯಾಮ್ ಕಡ್ಡಿ ಹಾಕಿಸಿ. ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ ಎಂಬುದು ಹಳೆಯ ಕಡ್ಡಿಯ ಚೀಟಿಯ ಮೇಲೇ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಇನ್ನೊಂದು ಮಾತು. ಸೋಷಿಯಲ್ ಬ್ರೌಸರ್ ಎಂದೇ ಬಂದವು ಉಳಿದಿಲ್ಲ. ಫ್ಲಾಕ್ 2011ರ ಏಪ್ರಿಲ್‌ನಲ್ಲಿ ನಿಂತಿತು; ರಾಕ್‌ಮೆಲ್ಟ್ 2010ರಲ್ಲಿ ಬಂದು, 2013ರಲ್ಲಿ ಯಾಹೂ ಕೊಂಡ ಮೇಲೆ ಮುಚ್ಚಿತು. ಈಗಿನ ಪಟ್ಟಿಗಳಲ್ಲಿ ತೆರೆಯುವುದು ಆಯಾ ಸೈಟೇ, ಹೀಗಾಗಿ ಬ್ರೌಸರ್ ಬಿಟ್ಟರೂ ಚಾಟ್ ಎಲ್ಲೂ ಹೋಗುವುದಿಲ್ಲ. ಹೋಗುವುದು ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್. ಬುಕ್‌ಮಾರ್ಕನ್ನು ಆಗಾಗ ಎಚ್‌ಟಿಎಂಎಲ್ ಫೈಲ್ ಆಗಿ ತೆಗೆದಿಡಿ. ಪಾಸ್‌ವರ್ಡ್ ತೆಗೆದರೆ ಬರುವ ಸಿಎಸ್‌ವಿ ಫೈಲಿನಲ್ಲಿ ಎಲ್ಲವೂ ಬಿಚ್ಚಿಟ್ಟಂತೆ ಓದಲು ಸಿಗುತ್ತದೆ. ಬೇರೆ ಕಡೆ ಸೇರಿಸಿದ ಕೂಡಲೇ ಅಳಿಸಿ.

ಹುಮನಾಬಾದ್: ಇನ್‌ಸ್ಟಾಕ್ಕೊಂದು, ಫೇಸ್‌ಬುಕ್ಕಿಗೊಂದು ಪ್ಯಾನೆಲ್ ಯಾಕ್ರಿ? ಇನ್‌ಸ್ಟಾ ಖಾತೆ ಬಿಸಿನೆಸ್ ಖಾತೆ ಮಾಡಿ ಪೇಜಿಗೆ ಜೋಡಸ್ರಿ. ಮೆಟಾ ಬಿಸಿನೆಸ್ ಸೂಟ್‌ನ ಇನ್‌ಬಾಕ್ಸ್‌ನಾಗ ಎರಡರ ಮೆಸೇಜೂ ಬರ್ತಾವ, ರೊಕ್ಕ ಇಲ್ಲ. ಪೋಸ್ಟಿಗೆ ಟೈಮ್ ಹಚ್ಚಿ ಇಡಬಹುದು. ಅದೊಂದು, ವಾಟ್ಸಾಪ್ ಒಂದು, ಎರಡೇ ಪ್ಯಾನೆಲ್‌ನಾಗ ಕೆಲಸ ಮುಗೀತದ, ನಿಮ್ಮ 4 ಜಿಬಿಗೂ ಹಗುರ.

ಯಾದಗಿರಿ: ಈ ಮಾತು ಖರೇ. ಮತ್ತ, ದಿನಾ ಕ್ಯೂಆರ್ ಕೇಳ್ತದ ಅಂತ ಬ್ರೌಸರಿಗೆ ಬೈಬ್ಯಾಡ್ರಿ. ಮುಚ್ಚುವಾಗ ಕುಕೀ ಅಳಿಸೋ ಸೆಟ್ಟಿಂಗ್ ಇಲ್ಲಾ ಕ್ಲೀನರ್ ಸಾಫ್ಟ್‌ವೇರ್ ಇದ್ದೇ ಇರ್ತದ, ತೆಗೀರಿ. ಫೋನಿನಾಗ 14 ದಿನ ವಾಟ್ಸಾಪ್ ತೆರೀಲಿಲ್ಲಂದ್ರೂ ಜೋಡಿಸಿದ್ದೆಲ್ಲಾ ಕಳಚ್ತದ. ಎರಡನೇ ನಂಬರ್ ಹಳೇ ಸ್ಮಾರ್ಟ್‌ಫೋನಿನಾಗ ಇಟ್ಟು ಮರೆಯೋರಿಗೆ ಇದೇ ಆಗೋದು. ಅಂಗಡಿ ಹುಡುಗ ಕೆಲಸ ಬಿಟ್ಟ ದಿನ ಲಿಂಕ್ಡ್ ಡಿವೈಸಸ್ ತೆರೆದು ಗುರ್ತು ಸಿಗದ ಡಿವೈಸ್ ಎಲ್ಲಾ ಲಾಗ್ಔಟ್ ಮಾಡ್ರಿ.

ಪ್ರಶ್ನೆ ಕೇಳಿದವರು: ವಿವಾಲ್ಡಿ ಹಾಕೀನಿ, ಪ್ಯಾನೆಲ್ ಎರಡೇ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿದ ರೇಟ್ ಪಟ್ಟಿ ಪೇಸ್ಟ್ ಮಾಡಿದ್ರ ಇಂಗ್ಲಿಷ್ ಅಕ್ಷರ ಕಲಸಿದಂಗ ಬರ್ತದ. ಇದು ಬ್ರೌಸರ್ ತಪ್ಪೇನ್ರಿ?

ಕಲಬುರಗಿ: ಅಲ್ರಿ. ಆ ಫೈಲು ಹಳೇ ಆಸ್ಕಿ ಫಾಂಟಿನದು, ಆ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡ ಕಾಣ್ತದ. ಆಸ್ಕಿಯಿಂದ ಯೂನಿಕೋಡ್‌ಗೆ (ಎಲ್ಲಾ ಕಡೆ ಕನ್ನಡವಾಗೇ ಕಾಣೋ ನಮೂನಿ) ಪರಿವರ್ತನೆ ಮಾಡಿ ಆಮ್ಯಾಲ ಪೇಸ್ಟ್ ಮಾಡ್ರಿ, ಮುಂದ ನುಡಿಯಾಗ ಯೂನಿಕೋಡ್ ಆರಿಸ್ಕೊಂಡೇ ಟೈಪ್ ಮಾಡ್ರಿ. ವಿಂಡೋಸ್‌ನ ಸಾದಾ ಕನ್ನಡ ಕೀಬೋರ್ಡ್ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ನುಡಿ ರೂಢಿ ಇದ್ದ ಕೈಗೆ ಕೀಲಿ ಎಲ್ಲಾ ಅದಲು ಬದಲು ಅನಿಸ್ತಾವ. ಪರಿವರ್ತನೆ ಆದಮ್ಯಾಲ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸ್ರಿ. ತಪ್ಪಿದ್ರ ಹೆಚ್ಚಾಗಿ ಅಲ್ಲೇ ತಪ್ಪಿರ್ತದ.